ನೂರಕ್ಕೆ ನೂರೇ ಇರಲಿ ಅಂದ್ರೆ ಕೇಳಲ್ಲ

ಮನೆಯಲ್ಲೇ ಪಿಸಿಬಿ (ಎಲೆಕ್ಟ್ರಾನಿಕ್ ಬಿಡಿಭಾಗ ಕೂರಿಸುವ, ತಾಮ್ರದ ಗೆರೆಗಳಿರುವ ಹಲಗೆ) ಮಾಡುವವರನ್ನು ಕಾಡೋದು ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್ ಕಲೆ ಅಲ್ಲ, ಜೆರಾಕ್ಸ್ ಅಂಗಡಿ. ಗೆರೆಗಳ ನಕ್ಷೆಯನ್ನು ಅಲ್ಲಿ ಪ್ರಿಂಟ್ ಹಾಕಿಸಿ, ಇಸ್ತ್ರಿ ಪೆಟ್ಟಿಗೆಯಿಂದ ಉಜ್ಜಿ ತಾಮ್ರದ ಹಲಗೆಗೆ ಇಳಿಸಬೇಕು. ಕುವೆಂಪುನಗರದಲ್ಲಿ ನಾನು ಹೋಗುವ ಅಂಗಡಿಯಲ್ಲಿ ಪ್ರತಿ ಸಲ ಹೇಳುತ್ತೇನೆ, "ಸೈಜು ಬದಲಾಗಬಾರದು ಸಾರ್, ನೂರಕ್ಕೆ ನೂರೇ ಇರಲಿ." "ಆಯ್ತು ಆಯ್ತು" ಅಂತಾರೆ. ಕೈ ಮಾತ್ರ ತಾನಾಗಿ 'ಫಿಟ್ ಟು ಪೇಜ್' ಒತ್ತಿರುತ್ತದೆ.

ನೂರಕ್ಕೆ ನಾಲ್ಕು ಪಾಲು ಕುಗ್ಗಿದರೆ ಆಧಾರ್ ಕಾಪಿಗೆ ಏನೂ ಆಗಲ್ಲ. ಐಸಿಗೆ, ಅಂದ್ರೆ ಎರಡು ಸಾಲು ಕಾಲಿರುವ ಚಿಪ್‌ಗೆ, ಆಗುತ್ತೆ. ಕಾಲಿಂದ ಕಾಲಿಗೆ 2.54 ಮಿ.ಮೀ. ಅಂತರ. 40 ಕಾಲಿನ ಐಸಿಯಲ್ಲಿ ಒಂದು ಸಾಲಿನ ಮೊದಲ ಕಾಲಿಂದ ಕೊನೆಯದಕ್ಕೆ 48.26 ಮಿ.ಮೀ. ಕೊನೆ ಮುಟ್ಟುವಷ್ಟರಲ್ಲಿ ಸುಮಾರು 2 ಮಿ.ಮೀ. ತಪ್ಪಿರುತ್ತದೆ. ಇಸ್ತ್ರಿ ಉಜ್ಜಿ, ತಾಮ್ರ ಕರಗಿಸಿ, ತೂತು ಕೊರೆದ ಮೇಲೆ ಐಸಿ ಕೂರೋದೇ ಇಲ್ಲ!

ಮೇಲಿಂದ ಟೋನರ್ (ಪ್ರಿಂಟಿನ ಕಪ್ಪು ಪುಡಿ) ಉಳಿತಾಯ ಬೇರೆ. ಗೆರೆಯ ತಾಮ್ರ ಕರಗದಂತೆ ಕಾಯಬೇಕಾದದ್ದೇ ಆ ಟೋನರ್. ಅದು ತೆಳುವಾದರೆ ಗೆರೆ ಮಧ್ಯದಲ್ಲೇ ತುಂಡು.

ಹೊಳೆಯುವ ಕಾಗದ ಕೊಟ್ಟರೆ ಮೆಷಿನ್ ಹಾಳಾಗುತ್ತೆ ಅಂತಾರೆ. ಅದು ನ್ಯಾಯವೇ ಬಿಡಿ, ಇಂಕ್‌ಜೆಟ್ ಫೋಟೋ ಪೇಪರ್ ಆದರೆ ಒಳಗೇ ಕರಗಿ ಅಂಟಬಹುದು. ಆದರೆ ಆ 'ಫಿಟ್ ಟು ಪೇಜ್' ಟಿಕ್ ತೆಗೆಯೋಕೆ ಏನು ಕಷ್ಟ? ಸ್ಕೇಲು ಹಿಡಿದು ಅಳೆದು ತೋರಿಸಿದರೆ, "ಎಲ್ಲಾ ನೀಟಾಗಿ ಬಂದಿದೆಯಲ್ಲಾ ಸಾರ್" ಅಂತ ಹತ್ತು ರೂಪಾಯಿಗೆ ಕೈ ಚಾಚುತ್ತಾರೆ.