ಫಿಯೆಟ್ ಇಂಜಿನ್ ಅಂದೆ, ಕೆಟ್ಟೆ

ಹೋದ ಮಳೆಗಾಲ ಮುಗಿಯುತ್ತಿದ್ದ ಹಾಗೆ ನಮ್ಮ ಮಾರುತಿ ರಿಟ್ಜ್ ಕಾರು ದೇವಿಮನೆ ಘಾಟಿಯಲ್ಲಿ ಕೈಕೊಟ್ಟಿತು. ಪೂರ್ತಿ ನಿಲ್ಲಲಿಲ್ಲ. ಕುಮಟಾದಿಂದ ಶಿರಸಿಗೆ ಹತ್ತುವಾಗ ಮೂರನೇ ಗೇರಿನಲ್ಲಿ ಆಕ್ಸಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಆರ್‌ಪಿಎಂ ಮುಳ್ಳು ಮೇಲೆ ಹೋಗುತ್ತದೆ, ಗಾಡಿ ಮಾತ್ರ ತನಗೂ ಇದಕ್ಕೂ ಸಂಬಂಧ ಇಲ್ಲ ಅನ್ನುವ ಹಾಗೆ ತೆವಳುತ್ತದೆ. ಹಿಂದಿನ ಸೀಟಿನಲ್ಲಿದ್ದ ಅಮ್ಮ, "ಯಾರೋ ಟೈರ್ ಸುಡ್ತಾ ಇದ್ದಾರೆ ಕಾಣ್ತದೆ" ಎಂದಳು. ಆ ಕಾಡಿನ ನಡುವೆ ಟೈರ್ ಸುಡಲು ಯಾರು ಬರಬೇಕು. ಸುಡುತ್ತಿದ್ದದ್ದು ಇಂಜಿನ್ನಿನ ಎಳೆತವನ್ನು ಗೇರ್‌ಬಾಕ್ಸಿಗೆ ದಾಟಿಸುವ ನಮ್ಮದೇ ಕ್ಲಚ್ ಪ್ಲೇಟ್.

ಎರಡನೇ ಗೇರಿನಲ್ಲೇ ಹೇಗೋ ಮನೆ ಮುಟ್ಟಿದೆವು. ಮರುದಿನ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದ. ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆಲೇ ಪೂರ್ತಿ ಒತ್ತಿ ನೋಡಿದನಂತೆ. ಟರ್ಬೊ ಎಳೆಯಲು ಶುರುವಾಗುವ 2,000 ಆರ್‌ಪಿಎಂ ಆಸುಪಾಸಿನಲ್ಲೇ ಜಾರುತ್ತಿದೆ. ಈ ಇಂಜಿನ್ನಿನ 190 ನ್ಯೂಟನ್ ಮೀಟರ್ ಎಳೆತ ಪೂರ್ತಿ ಸಿಗುವುದೂ ಅಲ್ಲೇ, ಸವೆದ ಕ್ಲಚ್ ಸೋಲುವುದೂ ಅಲ್ಲೇ. "ಕ್ಲಚ್ ಸೆಟ್ ಹೋಗಿದೆ ಹೆಗಡೇರೆ. ಗೇರ್‌ಬಾಕ್ಸ್ ಇಳಿಸ್ಬೇಕು" ಎಂದ.

ಇಲ್ಲಿಯವರೆಗೆ ತಪ್ಪು ಯಾರದೂ ಅಲ್ಲ. ಘಾಟಿ, ಹಾಫ್ ಕ್ಲಚ್, ವಯಸ್ಸು. ಮುಂದಿನದು ಮಾತ್ರ ನನ್ನದೇ ಕರ್ಮ.

"ಸಾಮಾನು ನಾನೇ ತರಿಸ್ತೇನೆ, ನೀನು ಇಳಿಸಿಡು" ಎಂದೆ. ಯಾಕೆಂದರೆ ನನಗೆ ಗೊತ್ತಿತ್ತು! ರಿಟ್ಜ್ ಡೀಸೆಲ್‌ನಲ್ಲಿರುವುದು ಫಿಯೆಟ್‌ನ 1.3 ಮಲ್ಟಿಜೆಟ್ ಇಂಜಿನ್. ಇದೇ ಇಂಜಿನ್ ಸ್ವಿಫ್ಟ್‌ನಲ್ಲಿ, ಡಿಜೈರ್‌ನಲ್ಲಿ, ಫಿಯೆಟ್ ಪುಂಟೊ, ಲೀನಿಯಾಗಳಲ್ಲಿ, ಟಾಟಾ ವಿಸ್ತಾ, ಮಾಂಝಾಗಳಲ್ಲಿ, ಕೊನೆಗೆ ಷೆವರ್ಲೆ ಸೈಲ್‌ನಲ್ಲೂ ಬಂತು. ಭಾರತದ ರಾಷ್ಟ್ರೀಯ ಇಂಜಿನ್ ಅಂತಲೇ ಗಾಡಿ ಹುಚ್ಚಿನವರು ತಮಾಷೆ ಮಾಡುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆಯ ಹೊಸ ನಿಯಮ ಬಂದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಇಷ್ಟೆಲ್ಲ ಪುರಾಣ ಬಾಯಿಪಾಠ ಇದ್ದವನು ಅಂಗಡಿಗೆ ಫೋನ್ ಮಾಡುವಾಗ ಸುಮ್ಮನೆ "ರಿಟ್ಜ್‌ಗೆ ಒಂದು ಕ್ಲಚ್ ಸೆಟ್" ಅನ್ನುತ್ತಾನೆಯೇ? ಹುಬ್ಬಳ್ಳಿಯ ಒಂದು ಅಂಗಡಿಗೆ ಫೋನ್ ಹಚ್ಚಿ, "1.3 ಮಲ್ಟಿಜೆಟ್, ಫಿಯೆಟ್ ಇಂಜಿನ್, ಒಳ್ಳೇ ಕಂಪನಿದು ಕಳಿಸಿ" ಎಂದೆ.

ಆ ಕಡೆಯವರು, "75 ಹಾರ್ಸ್ ಪವರ್ರಾ, 90ರದ್ದಾ ಸಾರ್?" ಎಂದು ಕೇಳಿದರು. ನನಗೆ ರೋಮಾಂಚನವೇ ಆಯಿತು. ನಮ್ಮಂಥವನೇ ಒಬ್ಬ ಸಿಕ್ಕ! 75 ಎಂದೆ. ಇಬ್ಬರೂ ಎರಡು ನಿಮಿಷ ಟರ್ಬೊ ಬಗ್ಗೆ ಮಾತಾಡಿದೆವು. ರಿಟ್ಜ್ ಅನ್ನುವ ಶಬ್ದ ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ.

ಮರುದಿನ ಮಧ್ಯಾಹ್ನದ ಬಸ್ಸಿನಲ್ಲಿ ಪಾರ್ಸೆಲ್ ಬಂತು. ಒಳ್ಳೆಯ ಕಂಪನಿಯದೇ, ಸೀಲ್ ಒಡೆಯದ ಡಬ್ಬಿ. ನಮ್ಮ ಮೆಕ್ಯಾನಿಕ್ ಡಬ್ಬಿ ನೋಡಲಿಲ್ಲ, ಹೆಸರು ಓದಲಿಲ್ಲ. ಪ್ಲೇಟನ್ನು ತೆಗೆದು ಸೀದಾ ನೆಲದ ಮೇಲಿದ್ದ ಗೇರ್‌ಬಾಕ್ಸಿನ ಶಾಫ್ಟಿಗೆ ತೂರಿಸಲು ನೋಡಿದ. ಹೋಗಲಿಲ್ಲ. ಹಳೇ ಪ್ಲೇಟನ್ನು ತೂರಿಸಿದ. ಬೆಣ್ಣೆಯ ಹಾಗೆ ಹೋಗಿ ಕೂತಿತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನನ್ನ ಕಣ್ಣಿಗೆ ಹೆಚ್ಚೂ ಕಮ್ಮಿ ಒಂದೇ. ಆತ ನಡುವಿನ ತೂತಿನ ಹಲ್ಲುಗಳ ಮೇಲೆ ಬೆರಳಾಡಿಸಿ, "ಇದು ನಿಮ್ಮ ಇಂಜಿನ್ನಿಗೆ ಆದ್ರೂ ಆಗಬಹುದು ಹೆಗಡೇರೆ, ನಿಮ್ಮ ಗಾಡಿಗೆ ಆಗೂದಿಲ್ಲ" ಎಂದ.

ಈ ಒಂದು ಮಾತು ಬರೆಯಲೆಂದೇ ಇಷ್ಟುದ್ದ ಪೀಠಿಕೆ.

ಕ್ಲಚ್ ಪ್ಲೇಟು ಎರಡು ತೋಟಗಳ ನಡುವಿನ ಬೇಲಿಯ ಹಾಗೆ. ಎರಡೂ ಕಡೆಯವರಿಗೆ ಲೆಕ್ಕ ಕೊಡಬೇಕು. ಒಂದು ಕಡೆ ಇಂಜಿನ್ ತಿರುಗಿಸುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಅದಕ್ಕೆ ಬೋಲ್ಟ್ ಆಗಿದ್ದು ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್. ಇವಕ್ಕೆ ಹೊಂದುವಂತೆ ಪ್ಲೇಟಿನ ಹೊರಗಿನ ಅಳತೆ. 180, 190, 200, 215 ಮಿಲಿಮೀಟರ್, ಹೀಗೆ. ಇನ್ನೊಂದು ಕಡೆ ಗೇರ್‌ಬಾಕ್ಸಿನ ಶಾಫ್ಟ್. ಅದರ ದಪ್ಪ, ಹಲ್ಲಿನ ಲೆಕ್ಕಕ್ಕೆ ಸರಿಯಾಗಿ ನಡುವಿನ ತೂತು. ಫಿಯೆಟ್ ಇಂಜಿನ್ ಮಾರುತಿಗೆ ಬಂತು, ನಿಜ. ಆದರೆ ಮಾರುತಿಯವರು ಅದರ ಬೆನ್ನಿಗೆ ಕಟ್ಟಿದ್ದು ಸುಜುಕಿಯ ಗೇರ್‌ಬಾಕ್ಸ್. ಪುಂಟೊದಲ್ಲಿ ಫಿಯೆಟ್‌ನದೇ ಗೇರ್‌ಬಾಕ್ಸ್, ನನಗೆ ಬಂದದ್ದು ಅಂಥದ್ದರ ಪ್ಲೇಟು. ನನ್ನ ಜ್ಞಾನವೆಲ್ಲ ಇಂಜಿನ್ನಿನ ಹೊಸ್ತಿಲಲ್ಲೇ ನಿಂತಿತ್ತು. ಅಲ್ಪವಿದ್ಯಾ ಮಹಾಗರ್ವಿ ಅನ್ನುವುದು ಇದಕ್ಕೇ ಇರಬೇಕು.

ಹಾಗಾದರೆ ಗಾಡಿಯ ಹೆಸರು ಹೇಳಿದ್ದರೆ ಸಾಕಿತ್ತೇ? ನನ್ನ ಕಥೆಯಲ್ಲಿ ಸಾಕಿತ್ತು. ಎಲ್ಲರದ್ದರಲ್ಲೂ ಸಾಕಾಗುವುದಿಲ್ಲ, ನನ್ನ ತಕರಾರು ಇರುವುದೂ ಇಲ್ಲೇ. "ಸ್ವಿಫ್ಟ್ ಪೆಟ್ರೋಲ್, 2010" ಎಂದು ಕೇಳಿ ನೋಡಿ. ಆ ವರ್ಷವೇ ಮಾರುತಿ ಹಳೇ 1.3 ಇಂಜಿನ್ ತೆಗೆದು 1.2 ಕೆ ಸೀರೀಸ್ ಹಾಕಿತು. ಹೊರಗಿನಿಂದ ಅದೇ ಗಾಡಿ, ಅದೇ ದೀಪ, ಅದೇ ಬಾಗಿಲು. ನಿಮ್ಮದು ಯಾವ ತಿಂಗಳಿನದು ಅನ್ನುವುದರ ಮೇಲೆ ಒಳಗಿನ ಬದುಕೇ ಬೇರೆ. ಹ್ಯುಂಡೈ ಐ10 ಒಂದೇ ಹೆಸರಿನಲ್ಲಿ 1.1 ಇಂಜಿನ್ನಿನಲ್ಲೂ 1.2 ಇಂಜಿನ್ನಿನಲ್ಲೂ ಬಂತು. ಆಲ್ಟೊ ಅಂದರೆ 800 ಸಿಸಿಯದೂ ಆಲ್ಟೊ, ಕೆ10 ಕೂಡ ಆಲ್ಟೊ. ಇನ್ನು ವರ್ಷ ಅಂದಾಗ ನಾವು ಹೇಳುವುದು ರಿಜಿಸ್ಟ್ರೇಷನ್ ವರ್ಷವನ್ನು. ಡಿಸೆಂಬರಿನಲ್ಲಿ ಕಾರ್ಖಾನೆಯಿಂದ ಹೊರಬಿದ್ದು ಶೋರೂಮಿನಲ್ಲಿ ಕೂತು ಫೆಬ್ರವರಿಯಲ್ಲಿ ನಂಬರ್ ಪಡೆದ ಗಾಡಿಗಳು ಎಷ್ಟೋ. ನಮ್ಮದೇ ಆ ಜಾತಿಯದು. ಆರ್‌ಸಿಯಲ್ಲಿ ತಯಾರಾದ ತಿಂಗಳು ಬೇರೆಯೇ ಬರೆದಿರುತ್ತದೆ, ಯಾರೂ ಓದುವುದಿಲ್ಲ.

ಆರ್‌ಸಿಯಲ್ಲಿ ಇನ್ನೊಂದು ಸಾಲಿದೆ, ಚಾಸಿ ನಂಬರ್. 17 ಅಕ್ಷರ. ಮಾರುತಿಯಾದರೆ ಸಾಮಾನ್ಯವಾಗಿ ಎಂಎ3 ಅಂತ ಶುರು, ಟಾಟಾ ಎಂಎಟಿ, ಹ್ಯುಂಡೈ ಎಂಎಎಲ್. ಕಂಪನಿಯ ಪಾರ್ಟ್ಸ್ ಕೌಂಟರಿನಲ್ಲಿ ಈ ನಂಬರ್ ಕೊಟ್ಟರೆ ನಿಮ್ಮ ಗಾಡಿಗೆ ಹುಟ್ಟಿದಾಗ ಹಾಕಿದ್ದ ಕ್ಲಚ್ಚಿನ ಪಾರ್ಟ್ ನಂಬರ್ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅಲ್ಲಿ ಕೊಳ್ಳಲೇಬೇಕು ಅಂತಿಲ್ಲ. ಆ ನಂಬರ್ ಹಿಡಿದು ಹುಬ್ಬಳ್ಳಿಗೆ ಹೋಗಿ, ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ. ಒಳ್ಳೆಯ ಅಂಗಡಿಯವರು ಅದನ್ನು ಕ್ಲಚ್ ತಯಾರಿಸುವ ವ್ಯಾಲಿಯೊ, ಲುಕ್, ಎಕ್ಸೆಡಿಯವರ ಪಟ್ಟಿಯಲ್ಲಿ ತಾಳೆ ನೋಡಿ ಕೊಡುತ್ತಾರೆ.

"ಒರಿಜಿನಲ್ಲೇ ಬೇಕು, ಶೋರೂಮ್ ಡಬ್ಬಿಯೇ ಬೇಕು" ಅನ್ನುವ ಭಕ್ತಿ ನನಗಿಲ್ಲ. ಕಾರ್ ಕಂಪನಿಗಳು ಸಾಮಾನ್ಯವಾಗಿ ಕ್ಲಚ್ ತಯಾರಿಸುವುದಿಲ್ಲ, ತರಿಸಿಕೊಳ್ಳುತ್ತವೆ. ಲುಕ್ ಕ್ಲಚ್ ಬೆಂಗಳೂರಿನ ಪಕ್ಕದ ಹೊಸೂರಿನಲ್ಲೇ ತಯಾರಾಗುತ್ತದೆ. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಬಿಡದೆ ತಮ್ಮ ಡೀಲರುಗಳಲ್ಲೇ ಕಟ್ಟಿಹಾಕುತ್ತಾರೆ ಅನ್ನುವ ದೂರಿನ ಮೇಲೆ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. ಆದರೆ ಬಿಡಿಭಾಗವನ್ನು ಎಲ್ಲಿ ಬೇಕಾದರೂ ಕೊಳ್ಳುವ, ಯಾರ ಹತ್ತಿರ ಬೇಕಾದರೂ ಹಾಕಿಸುವ ಹಕ್ಕು ನಮ್ಮದು ಅನ್ನುವುದು ಆ ಆದೇಶದ ತಿರುಳು. ಸ್ವಾತಂತ್ರ್ಯ ಸಿಕ್ಕಿದೆ ಸರಿ, ಅದರ ಜೊತೆ ಸರಿಯಾದ ನಂಬರ್ ಹುಡುಕುವ ಕೆಲಸವೂ ನಮ್ಮ ತಲೆಗೇ ಬಂದಿದೆ. ಶೋರೂಮಿನಲ್ಲಿ ಹಣ ಕೊಟ್ಟು ಮರೆಯುತ್ತಿದ್ದ ಕೆಲಸ ಅದು.

ಸೆಟ್ ಅನ್ನುವ ಶಬ್ದದ ಬಗ್ಗೆಯೂ ಹೇಳಬೇಕು. ಒಂದು ಅಂಗಡಿಯಲ್ಲಿ ಸೆಟ್ ಅಂದರೆ ಪ್ಲೇಟು, ಪ್ರೆಶರ್ ಪ್ಲೇಟು ಎರಡೇ. ಇನ್ನೊಂದರಲ್ಲಿ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗೂ ಸೇರಿ ಮೂರು. ರೇಟು ಹೋಲಿಸುವಾಗ ನಾವು ಎರಡರ ಸೆಟ್ಟನ್ನು ಮೂರರ ಸೆಟ್ಟಿನ ಜೊತೆ ಹೋಲಿಸಿ, "ಅವನು ಎಷ್ಟು ಕಡಿಮೆಗೆ ಕೊಡ್ತಾನೆ ನೋಡು" ಅನ್ನುತ್ತೇವೆ. ಅಪ್ಪನ ಮಾರುತಿ 800ರ ಕಾಲದಲ್ಲಿ ಬರೀ ಪ್ಲೇಟ್ ಬದಲಾಯಿಸಿ ಹಳೇ ಪ್ರೆಶರ್ ಪ್ಲೇಟನ್ನೇ ಮತ್ತೆ ಹಾಕುತ್ತಿದ್ದರು, ನಡೆಯುತ್ತಿತ್ತು. ಹಗುರ ಗಾಡಿ, ಬಡ ಇಂಜಿನ್. ಇಂದಿನ ಡೀಸೆಲ್ಲಿನಲ್ಲಿ ಆ ಧೈರ್ಯ ಬೇಡ. ಒಂದು ಕಂಪನಿಯ ಪ್ಲೇಟು, ಇನ್ನೊಂದರ ಪ್ರೆಶರ್ ಪ್ಲೇಟು ಕೂಡಿಸುವುದೂ ಬೇಡ. ಪ್ರೆಶರ್ ಪ್ಲೇಟಿನ ಸ್ಪ್ರಿಂಗಿನ ಬೆರಳುಗಳು ಕೆಲವದರಲ್ಲಿ ಚಪ್ಪಟೆ, ಕೆಲವದರಲ್ಲಿ ಬಾಗಿರುತ್ತವೆ. ಬೇರಿಂಗಿನ ಮುಖ ಅದಕ್ಕೆ ಒಪ್ಪುವಂತೆ ಇರಬೇಕು. ಒಪ್ಪದಿದ್ದರೆ ಗಾಡಿ ಓಡುತ್ತದೆ, ಕ್ಲಚ್ಚೂ ಬಿಡುತ್ತದೆ, ಮೂರು ತಿಂಗಳಾದ ಮೇಲೆ ಪೆಡಲ್ ಒತ್ತಿದಾಗೆಲ್ಲ ಜೀರುಂಡೆ ಕೂಗಲು ಶುರು.

ದೊಡ್ಡ ಡೀಸೆಲ್ ಗಾಡಿ ಇರುವವರಿಗೆ ಇನ್ನೊಂದು ತಲೆನೋವು ಇದೆ. ಎಕ್ಸ್‌ಯುವಿ500 ಥರದವುಗಳಲ್ಲಿ ಫ್ಲೈವೀಲೇ ಎರಡು ತುಂಡಿನದು, ಒಳಗೆ ಸ್ಪ್ರಿಂಗ್ ಇರುವಂಥದ್ದು, ಡ್ಯುಯಲ್ ಮಾಸ್ ಅನ್ನುತ್ತಾರೆ. ಇಂಜಿನ್ನಿನ ನಡುಕವನ್ನು ಅದೇ ನುಂಗಿಕೊಳ್ಳುವುದರಿಂದ ಅಂಥ ಗಾಡಿಯ ಪ್ಲೇಟಿನಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಇರುವುದಿಲ್ಲ. ಗಟ್ಟಿ ಫ್ಲೈವೀಲ್ ಇರುವಲ್ಲಿ ಪ್ಲೇಟಿನಲ್ಲೇ ಸ್ಪ್ರಿಂಗ್ ಬೇಕು. ಯಾರೋ ಖರ್ಚು ಉಳಿಸಲು ಗಟ್ಟಿ ಫ್ಲೈವೀಲ್ ಹಾಕಿಸಿ ಮಾರಿದ ಸೆಕೆಂಡ್ ಹ್ಯಾಂಡ್ ಗಾಡಿಯನ್ನು ನೀವು ಕೊಂಡಿದ್ದರೆ, ಚಾಸಿ ನಂಬರ್ ಕೂಡ ನಿಮಗೆ ಸುಳ್ಳು ಹೇಳುತ್ತದೆ. ಅಂಥ ಗಾಡಿಗೆ ಬಿಚ್ಚಿ ನೋಡಿದ ಮೇಲೆಯೇ ಸಾಮಾನು.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ತಪ್ಪು ಸೆಟ್ ಬಂದರೆ ಎರಡನೇ ಸಲದ ಲೇಬರ್ ಯಾರು ಕೊಡಬೇಕು? ನನ್ನ ಕಥೆಯಲ್ಲಿ ಮೆಕ್ಯಾನಿಕ್ ಮೊದಲೇ ತೂರಿಸಿ ನೋಡಿದ್ದರಿಂದ ಗೇರ್‌ಬಾಕ್ಸ್ ಎರಡು ಸಲ ಏರಿಳಿಯಲಿಲ್ಲ. ಗಾಡಿ ನಾಲ್ಕು ದಿನ ಸ್ಟ್ಯಾಂಡಿನ ಮೇಲೆ ನಿಂತಿತು, ಅಷ್ಟೇ. ಆತನ ಗ್ಯಾರೇಜಿನಲ್ಲಿ ಜಾಗ ಇರುವುದು ಎರಡು ಗಾಡಿಗೆ. ಅದರಲ್ಲೊಂದನ್ನು ನಾನು ನಾಲ್ಕು ದಿನ ಹಿಡಿದಿಟ್ಟೆ. ಅದಕ್ಕೆ ಆತ ಒಂದು ಪೈಸೆ ಕೇಳಲಿಲ್ಲ, ಬರೀ ನೋಡಿದ. ಆ ನೋಟಕ್ಕೆ ನಾನೇ 500 ರೂಪಾಯಿ ಹೆಚ್ಚು ಕೊಟ್ಟೆ.

ಮೆಕ್ಯಾನಿಕ್‌ಗಳು ಸಾಮಾನಿನಲ್ಲಿ ಕಮಿಷನ್ ಹೊಡೆಯುತ್ತಾರೆ ಅಂತ ನಾವೆಲ್ಲ ಹಿಂದಿನಿಂದ ಆಡಿಕೊಳ್ಳುತ್ತೇವೆ. ಹೊಡೆಯಲಿ ಅನ್ನುತ್ತೇನೆ ನಾನು. ಆತನೇ ತಂದ ಸಾಮಾನು ಹೊಂದದಿದ್ದರೆ ವಾಪಸ್ ಕೊಡಲು ಓಡುವವನು ಆತ, ಮತ್ತೆ ಬಿಚ್ಚಿ ಕಟ್ಟುವವನೂ ಆತ. ನಾವೇ ತಂದುಕೊಟ್ಟರೆ ಅಷ್ಟೂ ಹೊರೆ ನಮ್ಮದು. ಡಬ್ಬಿಯ ಮೇಲಿನ ವಾರಂಟಿ ಕೂಡ ಸಾಮಾನಿಗೆ ಮಾತ್ರ, ಅದನ್ನು ಹಾಕಿ ತೆಗೆದ ಕೂಲಿಗೆ ಸಾಮಾನ್ಯವಾಗಿ ಯಾರೂ ಹೊಣೆಯಲ್ಲ. ಕಮಿಷನ್ ಉಳಿಸಲು ಹೊರಡುವವರು ಈ ಲೆಕ್ಕ ಮೊದಲು ಹಾಕಿ ಹೊರಡುವುದು ಒಳ್ಳೆಯದು. ನಾನು ಹಾಕಿರಲಿಲ್ಲ. ಅಂಗಡಿಯವರನ್ನು ಬೈಯುವ ಹಾಗೂ ಇಲ್ಲ, ಕೇಳಿದ್ದನ್ನೇ ಕಳಿಸಿದ್ದಾರೆ. ಬಸ್ಸಿನ ಬಾಡಿಗೆ ಹಿಡಿದುಕೊಂಡು ವಾಪಸ್ಸೂ ತೆಗೆದುಕೊಂಡರು, ಪ್ಲೇಟಿಗೆ ಗ್ರೀಸ್ ತಾಗಿರಲಿಲ್ಲವಾದ್ದರಿಂದ. ತಾಗಿದ್ದರೆ ಗೋವಿಂದ.

ಎರಡನೇ ಸಲ ನಾನು ಬಾಯಿ ಬಿಡಲಿಲ್ಲ. ಮೆಕ್ಯಾನಿಕ್ಕೇ ಹಳೇ ಪ್ಲೇಟಿನ ಎರಡೂ ಮುಖದ ಫೋಟೊ, ಅದರ ಮೇಲೆ ಕೊರೆದಿದ್ದ ನಂಬರಿನ ಫೋಟೊ, ಆರ್‌ಸಿಯ ಫೋಟೊ ವಾಟ್ಸಾಪ್ ಮಾಡಿದ. ಹಲ್ಲು ಎಣಿಸಿ ಬರೆದ. ಒಂದು ಹಲ್ಲಿನ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದುಕೊಂಡು ಎಣಿಸಬೇಕಂತೆ, ಇಲ್ಲದಿದ್ದರೆ ಒಂದನ್ನೇ ಎರಡು ಸಲ ಎಣಿಸುತ್ತೇವಂತೆ. ಸೆಟ್ ಬರುವಷ್ಟರಲ್ಲಿ ಫ್ಲೈವೀಲನ್ನು ಲೇತಿಗೆ ಕೊಟ್ಟು ಒಂದು ತೆಳು ಫೇಸಿಂಗ್ ಮಾಡಿಸಿ ಮುಖ ಸಮ ಮಾಡಿಸಿದ. ಈ ಸಲ ಪ್ಲೇಟು ಶಾಫ್ಟಿನ ಮೇಲೆ ಸದ್ದಿಲ್ಲದೆ ಜಾರಿತು. ಆತ ನನ್ನ ಕಡೆ ತಿರುಗಿ, "ಇದು ಯಾವ ದೇಶದ ಇಂಜಿನ್ನು ಅಂದ್ರಿ?" ಎಂದು ಕೇಳಿದ. ನಾನು ಚಹಾ ಹೇಳಲು ಎದ್ದುಹೋದೆ.

ಕಳೆದ ವಾರ ಬೆಂಗಳೂರಿನಿಂದ ಅಕ್ಕನ ಮಗನ ಫೋನ್ ಬಂತು. ಹೊಸದಾಗಿ ಹಳೇ ಸ್ವಿಫ್ಟ್ ಕೊಂಡಿದ್ದಾನೆ, ಪೆಟ್ರೋಲು, 2010. "ಮಾವ, ಕ್ಲಚ್ ಸೆಟ್ಟಿಗೆ ಎಷ್ಟಾಗ್ತದೆ?" ಎಂದ. ಆರ್‌ಸಿದು, ಚಾಸಿ ನಂಬರಿಂದು ಒಂದು ಫೋಟೊ ಕಳಿಸೋ ಅಂದೆ. ಹತ್ತು ನಿಮಿಷಕ್ಕೆ ಫೋಟೊ ಬಂತು. ಬಾನೆಟ್ಟಿಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಪಕ್ಕದಲ್ಲಿ ನಗುತ್ತಾ ನಿಂತ ಅವನು.