ಸೋಮವಾರ ಮಾರಾಟ, ಮಂಗಳವಾರ ಒಗೆತ

1985ರ ಫೆಬ್ರವರಿ ಕೊನೆ, ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ಬಿಬಿಸಿ ಒಂದನೇ ಚಾನೆಲ್ ಹಾಕಿಕೊಂಡು ಕೂತವರ ಕಣ್ಣಿಗೆ ಒಂದು ತಮಾಷೆ ಬಿದ್ದಿರಬೇಕು. ಸೋಮವಾರ ಸಂಜೆ ತುಟಿಗೆ ಬಣ್ಣ ಬಳಿದುಕೊಂಡು, ಹೊಂಬಣ್ಣದ ಕೂದಲು ಸರಿಮಾಡಿಕೊಳ್ಳುತ್ತ ಬಟ್ಟೆಯಂಗಡಿಯ ಕೌಂಟರಿನ ಹಿಂದೆ ನಿಂತಿದ್ದ ಹುಡುಗಿ ಮಂಗಳವಾರ ಸಂಜೆಗೆ ನಲವತ್ತರ ಗೃಹಿಣಿಯಾಗಿ, ಸಪ್ಪೆ ಬಣ್ಣದ ಸ್ವೆಟರ್ ತೊಟ್ಟು, ಮೂರನೇ ಮಗು ಹೊಟ್ಟೆಯಲ್ಲಿದೆಯೆಂದು ಹೆತ್ತ ತಾಯಿಯಿಂದಲೇ ಬೈಸಿಕೊಳ್ಳುತ್ತಿದ್ದಳು. ಒಂದು ರಾತ್ರಿ ಕಳೆಯುವುದರೊಳಗೆ ಇಷ್ಟೊಂದು ವಯಸ್ಸಾಗುವುದು ಪುರಾಣದಲ್ಲಿ ಯಯಾತಿಗೆ ಮಾತ್ರ ಸಾಧ್ಯವಾಗಿತ್ತು. ಇಲ್ಲಿ ಅದನ್ನು ಸಾಧಿಸಿದವರು ನಟಿ ವೆಂಡಿ ರಿಚರ್ಡ್.

ಸೋಮವಾರದ್ದು 'ಆರ್ ಯು ಬೀಯಿಂಗ್ ಸರ್ವ್ಡ್?' ಎಂಬ ನಗೆ ಧಾರಾವಾಹಿ. 1972ರಲ್ಲಿ ಶುರುವಾಗಿದ್ದ ಅದರ ಕೊನೆಯ ಕಂತು 1985ರ ಏಪ್ರಿಲ್ 1ರಂದು ಬಂತು. ಮಂಗಳವಾರ ಮತ್ತು ಗುರುವಾರದ್ದು ಫೆಬ್ರವರಿ 19ಕ್ಕೆ ಆರಂಭವಾದ 'ಈಸ್ಟ್‌ಎಂಡರ್ಸ್', ಅಂದರೆ ಅಪ್ಪಟ ಸಂಸಾರದ ಗೋಳು. ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊಸ ಕೆಲಸಕ್ಕೆ ಸೇರುವ ನಡುವೆ ಊರಿಗೆ ಹೋಗಿ ಹದಿನೈದು ದಿನ ಮಲಗಿ ಬರೋಣ ಎನ್ನುವವರು ನಾವು. ಕಿರುತೆರೆಯ ಮಟ್ಟಿಗೆ ವೆಂಡಿಗೆ ಅಂಥ ಬಿಡುವೂ ಸಿಗಲಿಲ್ಲ.

ಅವರು ಹುಟ್ಟಿದ್ದು 1943ರಲ್ಲಿ, ಇಂಗ್ಲೆಂಡಿನ ಈಶಾನ್ಯದ ಮಿಡಲ್ಸ್‌ಬರೊದಲ್ಲಿ. ತಂದೆ ತಾಯಿ ಪಬ್ ನಡೆಸುತ್ತಿದ್ದವರು. ಹನ್ನೊಂದನೇ ವಯಸ್ಸಿಗೇ ತಂದೆ ಇಲ್ಲವಾದರು. ಲಂಡನ್ನಿನಲ್ಲಿ ನಟನೆ ಕಲಿಯುವ ಫೀಸಿಗಾಗಿ ಫೋರ್ಟ್ನಮ್ ಅಂಡ್ ಮೇಸನ್ ಎಂಬ ಭಾರೀ ಅಂಗಡಿಯ ಉಡುಪಿನ ವಿಭಾಗದಲ್ಲಿ ಕೆಲಸಕ್ಕೆ ನಿಂತರು. ಶ್ರೀಮಂತರು ಚಹಾ ಪುಡಿಯನ್ನೂ ಬಿಂಕದಿಂದ ಕೊಳ್ಳುವ ಅಂಗಡಿ ಅದು. ಆಮೇಲೆ ಟಿವಿಯಲ್ಲಿ ಹದಿಮೂರು ವರ್ಷ ಅಂಗಡಿ ಹುಡುಗಿಯ ವೇಷ ಹಾಕುವಾಗ ಅವರೇನೂ ಹೊಸದಾಗಿ ಅಭ್ಯಾಸ ಮಾಡಬೇಕಾಗಿರಲಿಲ್ಲ. ಗಿರಾಕಿ ಮುಖಕ್ಕೆ ನಗು, ಗಿರಾಕಿ ಬೆನ್ನಿಗೆ ಹುಬ್ಬು: ಈ ವಿದ್ಯೆ ಅಲ್ಲೇ ಕೈವಶವಾಗಿತ್ತು ಅಂತ ನನ್ನ ಗುಮಾನಿ.

ಅದಕ್ಕೂ ಮುಂಚೆ ಅವರ ಧ್ವನಿ ಹೆಸರು ಮಾಡಿತ್ತು. 1962ರಲ್ಲಿ ಮೈಕ್ ಸಾರ್ನ್ ಹಾಡಿದ 'ಕಮ್ ಔಟ್‌ಸೈಡ್' ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದರಲ್ಲಿ ಗಂಡಸು ಹಾಡುತ್ತಾನೆ, ಹುಡುಗಿ ಹಾಡುವುದಿಲ್ಲ, ನಡುನಡುವೆ ಪೂರ್ವ ಲಂಡನ್ನಿನ ಕಾಕ್ನಿ ಧಾಟಿಯಲ್ಲಿ ಗದರುತ್ತಾಳೆ, ಅಷ್ಟೇ. ಆ ಗದರಿಕೆ ವೆಂಡಿಯದು. ಇಡೀ ಹಾಡು ಹಾಡಿದವನಿಗಿಂತ ಗದರಿದವಳೇ ನೆನಪಿನಲ್ಲಿ ಉಳಿದರೆ ಅದು ಯಾರ ತಪ್ಪು! ಬೀಟಲ್ಸ್ ಹುಡುಗರ 'ಹೆಲ್ಪ್!' ಚಿತ್ರದಲ್ಲೂ ಪಾತ್ರ ಸಿಕ್ಕಿತ್ತು. ಚಿತ್ರೀಕರಣವಾದ ಆ ದೃಶ್ಯಕ್ಕೆ ಕತ್ತರಿ ಬಿತ್ತು.

ಆಮೇಲೆ ಬಂತು 'ಆರ್ ಯು ಬೀಯಿಂಗ್ ಸರ್ವ್ಡ್?' ಧಾರಾವಾಹಿಯ ಗ್ರೇಸ್ ಬ್ರದರ್ಸ್. ಜೆರೆಮಿ ಲಾಯ್ಡ್ ಮತ್ತು ಡೇವಿಡ್ ಕ್ರಾಫ್ಟ್ ಸೇರಿ ಬರೆದ ಕಾಲ್ಪನಿಕ ಅಂಗಡಿ ಅದು. ಲಾಯ್ಡ್ ಕೂಡ ಒಂದು ಕಾಲಕ್ಕೆ ಲಂಡನ್ನಿನ ಬಟ್ಟೆಯಂಗಡಿಯಲ್ಲಿ ದುಡಿದವರೇ. ಒಂದು ಕಡೆ ಹೆಂಗಸರ ಉಡುಪು, ಇನ್ನೊಂದು ಕಡೆ ಗಂಡಸರದು, ನಡುವೆ ಕೋಟಿಗೆ ಹೂವು ಸಿಕ್ಕಿಸಿಕೊಂಡು ತಿರುಗುವ ಮೇಲ್ವಿಚಾರಕ ಕ್ಯಾಪ್ಟನ್ ಪೀಕಾಕ್. ಗಿರಾಕಿ ಬಂದ ಕೂಡಲೇ ಹತ್ತಿರವಿದ್ದವರು ಹೋಗಿ ಏನು ಬೇಕೆಂದು ಕೇಳುವಂತಿಲ್ಲ. ಮೊದಲು ಹಿರಿಯ ನೌಕರರಿಗೆ ಬಿಡುವಿದೆಯೇ ಎಂದು ವಿಚಾರಿಸಬೇಕು. ಬಿಡುವಿಲ್ಲದಿದ್ದರೆ ಕಿರಿಯರಿಗೆ ಅವಕಾಶ. ವೆಂಡಿಯ ಮಿಸ್ ಬ್ರಾಮ್ಸ್ ಕಿರಿಯಳಾಗಿ ಸೇರಿದಳು. 69 ಕಂತು ಮುಗಿದಾಗಲೂ ಕಿರಿಯಳೇ. ಅವಳ ಮೇಲೆ ಮಿಸೆಸ್ ಸ್ಲೊಕೂಂಬ್ ಇದ್ದಳು. ಮಾಲಿ ಸಗ್ಡನ್ ಮಾಡಿದ ಪಾತ್ರ. ಒಂದು ವಾರ ಗುಲಾಬಿ, ಇನ್ನೊಂದು ವಾರ ಹಸಿರು ಕೂದಲಿನೊಂದಿಗೆ ಬರುತ್ತಿದ್ದ ಆಕೆ ನಿವೃತ್ತಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಎಲ್ಲರಿಗೂ ಮೇಲೆ, ನಡೆಯಲೂ ಆಗದಷ್ಟು ಮುದುಕನಾದ ಮಾಲೀಕ. ಆಗಾಗ ನರ್ಸಿನ ಕೈಹಿಡಿದು ಬಂದು 'ಎಲ್ಲರೂ ತುಂಬಾ ಚೆನ್ನಾಗಿ ಕೆಲಸ ಮಾಡಿದ್ದೀರಿ' ಎನ್ನುತ್ತಾನೆ. ಎಲ್ಲರೂ ಒಕ್ಕೊರಲಿನಿಂದ ವಂದಿಸುತ್ತಾರೆ. ಸಂಬಳದ ಮಾತು ಬರುವ ಮೊದಲೇ ಲಿಫ್ಟು ಹತ್ತಿ ಹೊರಟುಹೋಗುತ್ತಾನೆ. ಇದನ್ನು ನೋಡಿ ನಗದ ನೌಕರನಿಲ್ಲ. ನಕ್ಕ ಮೇಲೆ ತನ್ನ ಇನ್‌ಕ್ರಿಮೆಂಟು ನೆನೆಸಿಕೊಳ್ಳದವನೂ ಇಲ್ಲ.

ಮಿಸ್ ಬ್ರಾಮ್ಸ್ ಬಗ್ಗೆ ನನಗೆ ಮೆಚ್ಚುಗೆಯಾದದ್ದು ಒಂದೇ: ಅವಳು ನಗಿಸಲು ಪ್ರಯತ್ನಪಡುವುದಿಲ್ಲ. ಜಾನ್ ಇನ್ಮನ್ ಮಾಡಿದ ಮಿಸ್ಟರ್ ಹಂಫ್ರೀಸ್ ಒಂದೆಡೆಯಿಂದ ಕುಣಿದು ಬರುತ್ತಾನೆ, ಸ್ಲೊಕೂಂಬ್ ದ್ವಂದ್ವಾರ್ಥವೆಂದು ಗೊತ್ತೇ ಇಲ್ಲದವಳಂತೆ ತನ್ನ ಬೆಕ್ಕಿನ, ಅಂದರೆ 'ಪುಸಿ'ಯ, ವಿಚಾರ ಎತ್ತುತ್ತಾಳೆ. ಇವಳು ಮಾತ್ರ ಸುಸ್ತಾಗಿ ನಿಂತಿರುತ್ತಾಳೆ. ಗಿರಾಕಿಯೆದುರು ನಯವಾದ ಇಂಗ್ಲಿಷು ಶುರುಮಾಡಿ, ಸಿಟ್ಟು ಬಂದೊಡನೆ ಕಾಕ್ನಿಗೆ ಜಾರುತ್ತಾಳೆ. ಸ್ಟುಡಿಯೊದಲ್ಲಿ ಕೂತ ಜನ ಗೊಳ್ಳೆನ್ನುತ್ತಾರೆ. ಆ ನಗೆಯ ಸದ್ದನ್ನು ಒಮ್ಮೆ ಮನಸ್ಸಿನಲ್ಲೇ ಅಳಿಸಿ ನೋಡಿ. ಏನು ಉಳಿಯಿತು? ಕಡಿಮೆ ಸಂಬಳ, ನೋಯುವ ಕಾಲು, ಮೈಮೇಲೆ ಬೀಳಲು ಬರುವ ಸಹೋದ್ಯೋಗಿಗಳು, ಬಡ್ತಿಯಿಲ್ಲದ ಹದಿಮೂರು ವರ್ಷ. ಇದನ್ನೇ ಗಂಭೀರವಾಗಿ ತೆಗೆದಿದ್ದರೆ ವಾರಕ್ಕೆರಡು ಸಲ ಅಳಿಸಬಹುದಿತ್ತು.

ಹಾಗೆ ಅಳಿಸಲು ಹೊರಟವರೇ ಜೂಲಿಯಾ ಸ್ಮಿತ್ ಮತ್ತು ಟೋನಿ ಹಾಲೆಂಡ್. 'ಈಸ್ಟ್‌ಎಂಡರ್ಸ್'ಗೆ ಪರಿಚಿತ ಮುಖಗಳನ್ನು ಹಾಕಿಕೊಳ್ಳಲು ಅವರಿಗೆ ಅಷ್ಟಾಗಿ ಇಷ್ಟವಿರಲಿಲ್ಲ. ಮೇಕಪ್ಪು, ಠೀವಿ ಎಲ್ಲ ಕಳಚಿಟ್ಟು ಬರುವುದಾದರೆ ಬಾ ಎಂದರು. ವೆಂಡಿ ಕಳಚಿಟ್ಟು ಬಂದರು. ವಾಲ್ಫೋರ್ಡ್ ಎಂಬ ಇಲ್ಲದ ಬಡಾವಣೆ, ಆಲ್ಬರ್ಟ್ ಸ್ಕ್ವೇರ್ ಎಂಬ ಇಲ್ಲದ ಚೌಕ, ಅದರ 45ನೇ ನಂಬರಿನ ಮನೆ. ವೆಂಡಿಯ ಪಾಲೀನ್ ಫೌಲರ್ ಅಲ್ಲಿ ತಾಯಿ, ಗಂಡ, ಮಕ್ಕಳೊಂದಿಗೆ ಇದ್ದುಕೊಂಡು ಲಾಂಡ್ರೆಟ್‌ನಲ್ಲಿ ದುಡಿಯುತ್ತಾಳೆ. ಲಾಂಡ್ರೆಟ್ ಎಂದರೆ ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿ. ಲಂಡನ್ನಿನ ಕ್ವೀನ್ಸ್‌ವೇಯಲ್ಲಿ 1949ರಲ್ಲಿ ಬ್ರಿಟನ್ನಿನ ಮೊದಲನೆಯದು ತೆರೆದಾಗಿನಿಂದ ಅದು ಅಲ್ಲಿನ ಹೆಂಗಸರಿಗೆ ನಮ್ಮ ಬಾವಿಕಟ್ಟೆಯಾಯಿತು. ಯಂತ್ರ ತಿರುಗಿ ಮುಗಿಯುವ ತನಕ ಕಾಯಲೇಬೇಕು, ಕಾಯುವಾಗ ಬಾಯಿ ಸುಮ್ಮನಿರುವುದಿಲ್ಲ. ಧಾರಾವಾಹಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಸಾಲದ್ದಕ್ಕೆ ಜೊತೆಯಲ್ಲಿ ಕೆಲಸಕ್ಕೆ ಡಾಟ್ ಕಾಟನ್ ಇದ್ದಳು. ಜೂನ್ ಬ್ರೌನ್ ಮಾಡಿದ ಆ ಪಾತ್ರ ಒಂದು ಕೈಯಲ್ಲಿ ಸಿಗರೇಟು ಹಿಡಿದು, ಬಾಯಲ್ಲಿ ಬೈಬಲ್ ವಾಕ್ಯ ಹೇಳುತ್ತಿತ್ತು.

ಹೀಗೆ ಮೊದಲ ಪಾಳಿಯಲ್ಲಿ ಬಟ್ಟೆ ಮಾರಿದವರು ಎರಡನೇ ಪಾಳಿಯಲ್ಲಿ ಅದನ್ನೇ ಒಗೆದರು, ಅದೂ ಇಪ್ಪತ್ತೊಂದು ವರ್ಷಕ್ಕೂ ಮೇಲೆ. ಧಾಟಿ ಅದೇ ಕಾಕ್ನಿ. ಗ್ರೇಸ್ ಬ್ರದರ್ಸ್‌ನಲ್ಲಿ ಆ ಮಾತು ಜಾರಿದಾಗ ಜನ ನಕ್ಕಿದ್ದರು. ವಾಲ್ಫೋರ್ಡ್‌ನಲ್ಲಿ ಎಲ್ಲರೂ ಹಾಗೇ ಮಾತಾಡುವುದರಿಂದ ಯಾರೂ ನಗಲಿಲ್ಲ. ಅಲ್ಲಿ ಕಂತಿನ ಕೊನೆಗೆ ನಗೆಯಿಲ್ಲ, ಎದೆಗೆ ಗುದ್ದುವಂಥ ಡ್ರಮ್ಮಿನ ಸದ್ದಿದೆ. ಹದಿನಾರರ ಮಗಳು ಬಸುರಿಯಾದಳು: ಡ್ರಮ್ಮು. ಗಂಡ ಆರ್ಥರ್ ನೆರೆಹೊರೆಯವರ ಕ್ರಿಸ್ಮಸ್ ಚೀಟಿಯ ದುಡ್ಡು ಕದ್ದ: ಡ್ರಮ್ಮು. ಮಗನಿಗೆ ಎಚ್‌ಐವಿ ಇದೆಯೆಂದು ತಿಳಿಯಿತು: ಮತ್ತೆ ಡ್ರಮ್ಮು. ಇಷ್ಟಕ್ಕೂ ಮುಂದೆ ಗುಂಡಿಯಿರುವ ಅದೇ ಉಣ್ಣೆಯ ಸ್ವೆಟರು. ಪಾಲೀನಳ ಸ್ವೆಟರುಗಳು ದೇಶಕ್ಕೆಲ್ಲ ಹಾಸ್ಯದ ವಸ್ತುವಾದವು. ನಗಿಸುವುದನ್ನು ಬಿಟ್ಟು ಬಂದವರನ್ನೂ ನಗೆ ಬಿಡಲಿಲ್ಲ ನೋಡಿ.

ಬಿಟ್ಟು ಬಂದರು ಅನ್ನುವುದೂ ಪೂರ್ತಿ ಸರಿಯಲ್ಲ. ಹಳೆಯ ಅಂಗಡಿಯ ಜನರನ್ನು ಒಂದು ಹಳ್ಳಿಯ ದೊಡ್ಡ ಮನೆಗೆ ಸಾಗಿಸಿ 1992-93ರಲ್ಲಿ 'ಗ್ರೇಸ್ ಅಂಡ್ ಫೇವರ್' ಎಂದು ಹನ್ನೆರಡು ಕಂತು ಮಾಡಿದರು. ಪಾಲೀನಳಾಗಿದ್ದುಕೊಂಡೇ ವೆಂಡಿ ಮಿಸ್ ಬ್ರಾಮ್ಸ್ ಆಗಿ ಹೋಗಿ ಬಂದರು. 1993ರ ಜನವರಿಯಲ್ಲಿ ಮಿಸ್ ಬ್ರಾಮ್ಸ್ ಹೀಗೆ ಹಳ್ಳಿಯಲ್ಲಿದ್ದಾಗ, ಇತ್ತ ವಾಲ್ಫೋರ್ಡ್‌ನಲ್ಲಿ ಆರ್ಥರ್ ಮಿಸೆಸ್ ಹೆವಿಟ್ ಎಂಬಾಕೆಯ ಸಂಗ ಮಾಡಿದ್ದ. ಹೆಂಡತಿಗೆ ಎರಡು ಕಡೆ ನೌಕರಿಯಾದರೆ ಏನಾಗುತ್ತದೆ ಎಂದು ಆ ಕಾಲದ ಅತ್ತೆಯಂದಿರು ಉದಾಹರಣೆ ಕೊಟ್ಟಿರಬಹುದು.

2000ದಲ್ಲಿ ವೆಂಡಿಗೆ ಎಂಬಿಇ ಎಂಬ ಬ್ರಿಟನ್ನಿನ ರಾಜಗೌರವ ಸಿಕ್ಕಿತು. ಕ್ಯಾನ್ಸರು 1996ರಿಂದಲೂ ಬಿಟ್ಟುಬಿಟ್ಟು ಕಾಡಿತು. 2009ರ ಫೆಬ್ರವರಿ 26ರಂದು 65ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲೇ ಅವರು ಆಲ್ಬರ್ಟ್ ಸ್ಕ್ವೇರ್ ಬಿಟ್ಟಿದ್ದರು. ವಿಧವೆ ಪಾಲೀನಳಿಗೆ ಬರಹಗಾರರು ಜೋ ಎಂಬಾತನೊಂದಿಗೆ ಎರಡನೇ ಮದುವೆ ಮಾಡಿಸಿದ್ದು ಅವರಿಗೆ ಸರಿಬರಲಿಲ್ಲ. ಪಾಲೀನ್ ಹಾಗೆ ಮಾಡುವವಳಲ್ಲ ಎಂಬುದು ಅವರ ತಕರಾರು. ಎರಡು ದಶಕ ಒಬ್ಬಳ ಸ್ವೆಟರಿನೊಳಗೆ ಬದುಕಿದವರ ಮಾತಿಗೆ ಬರಹಗಾರರ ಮಾತಿಗಿಂತ ನಾನಂತೂ ಹೆಚ್ಚು ತೂಕ ಕೊಡುತ್ತೇನೆ.

ಇನ್ನು ಒಂದು ಬಾಣಲೆಯ ವಿಷಯ. ಆರ್ಥರನ ಸಂಗತಿ ಗೊತ್ತಾದ ದಿನ ಪಾಲೀನ್ ಅಡುಗೆಮನೆಯ ಹಿಡಿಕೆ ಬಾಣಲೆ ಎತ್ತಿ ಅವನ ಮುಖಕ್ಕೇ ಬಾರಿಸಿದ್ದಳು. ಪ್ರಹಸನದಲ್ಲಿ ಬಾಣಲೆಗಿಂತ ಹಳೆಯ ಆಯುಧವಿಲ್ಲ. ಆದರೆ ಪೆಟ್ಟು ಬಿದ್ದಾಗ ಬ್ರಿಟನ್ನಿನ ಮನೆಮನೆಯಲ್ಲಿ ಜನ ಉಸಿರು ಬಿಗಿಹಿಡಿದರು. 2006ರ ಕ್ರಿಸ್ಮಸ್ ದಿನ ಪಾಲೀನ್ ಚೌಕದ ಹಿಮದಲ್ಲಿ ಕುಸಿದು ಸತ್ತಳು. ಮೊದಲು ಅನುಮಾನ ಬಂದದ್ದು, ಇನ್ಯಾರ ಮೇಲೆ ಬರುತ್ತದೆ, ಸೊಸೆ ಸೋನ್ಯಾಳ ಮೇಲೆ. ಆಮೇಲೆ ಜೋ ಡಾಟ್ ಕಾಟನ್ನಳ ಮುಂದೆ ಒಪ್ಪಿಕೊಂಡ: ತಲೆಗೆ ಹೊಡೆದದ್ದು ತಾನೇ, ಬಾಣಲೆಯಿಂದಲೇ. ಹೇಳಿದ ಬೆನ್ನಿಗೇ ಕಿಟಕಿಯಿಂದ ಬಿದ್ದು ಸತ್ತ. ಇದೇ ಬಾಣಲೆ ಗ್ರೇಸ್ ಬ್ರದರ್ಸ್‌ನಲ್ಲಿ ಬೀಸಿದ್ದರೆ ಕ್ಯಾಪ್ಟನ್ ಪೀಕಾಕ್ ಮೊದಲು ಹಿರಿಯರಿಗೆ ಬಿಡುವಿದೆಯೇ ಎಂದು ವಿಚಾರಿಸುತ್ತಿದ್ದ, ಪೆಟ್ಟು ತಿಂದ ಮಿಸೆಸ್ ಸ್ಲೊಕೂಂಬ್ ಮುಂದಿನ ವಾರ ನೀಲಿ ಕೂದಲಿನಲ್ಲಿ ಕೆಲಸಕ್ಕೆ ಬರುತ್ತಿದ್ದಳು.