ಅರಿಸ್ಟಾಟಲ್‌ನ ಗೆಳೆತನದಲ್ಲಿ ಹೆಂಗಸರು

ಇವತ್ತು ಅರಿಸ್ಟಾಟಲ್ ಮತ್ತು ಗೆಳೆತನದ ಬಗ್ಗೆ ಒಂದು ಉಪನ್ಯಾಸ ಕೇಳಿದೆ. ಚೆನ್ನಾಗಿಯೇ ಮಾತಾಡಿದರು. ಕೊನೆಗೆ ಒಬ್ಬ ಹುಡುಗಿ, "ಸರ್, ಇದರಲ್ಲಿ ಹೆಂಗಸರು ಎಲ್ಲಿ ಬರ್ತಾರೆ?" ಅಂತ ಕೇಳಿದಳು. "ಅದು ಆ ಕಾಲದ ಮಿತಿಯಮ್ಮಾ, ಅದನ್ನ ಬದಿಗಿಟ್ಟು ಓದಬೇಕು" ಅಂದು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟರು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಅರಿಸ್ಟಾಟಲ್‌ನ 'ನಿಕೊಮಾಕಿಯನ್ ಎಥಿಕ್ಸ್' ಪುಸ್ತಕ ನನಗೆ ಎಷ್ಟು ಇಷ್ಟ ಅಂತ ನಿಮಗೆಲ್ಲ ಗೊತ್ತು. ಅದರ 8 ಮತ್ತು 9ನೇ ಭಾಗ ಪೂರ್ತಿ ಗೆಳೆತನದ್ದೇ. ಲಾಭಕ್ಕೆ ಆಗುವ ಗೆಳೆತನ, ಖುಷಿಗೆ ಆಗುವ ಗೆಳೆತನ, ಎರಡೂ ಬೇಗ ಮುರಿಯುತ್ತವೆ. ಒಳ್ಳೆಯವರಿಬ್ಬರು ಒಬ್ಬರ ಒಳಿತನ್ನು ಇನ್ನೊಬ್ಬರು ಬಯಸುವ ಗೆಳೆತನ, ಅಂದರೆ ಗುಣದ ಗೆಳೆತನ, ಉಳಿಯುತ್ತದೆ. ಇದನ್ನು ಪಾಠ ಮಾಡುವಾಗ ಈಗಲೂ ನನ್ನ ಮನಸ್ಸು ತುಂಬಿ ಬರುತ್ತದೆ.

ಇಲ್ಲಿ ಹೆಂಗಸರು ಇಲ್ಲವೇ ಇಲ್ಲ ಅಂತಲ್ಲ. ಇದ್ದಾರೆ. ಹೇಗಿದ್ದಾರೆ ಅನ್ನೋದೇ ನನ್ನ ಜಗಳ. ಗೆಳೆತನದಲ್ಲಿ ಪ್ರೀತಿ ಪಡೆಯೋದಕ್ಕಿಂತ ಕೊಡೋದು ದೊಡ್ಡದು ಅಂತ ಹೇಳುವಾಗ ಅವನು ಸಾಕ್ಷಿಗೆ ಕರೆಯುವುದು ತಾಯಂದಿರನ್ನು. ಮಗುವನ್ನು ಬೇರೆಯವರ ಕೈಯಲ್ಲಿ ಬೆಳೆಯಲು ಬಿಟ್ಟ ತಾಯಿ, ಅದಕ್ಕೆ ತಾನು ಯಾರೆಂದು ಗೊತ್ತಿಲ್ಲದಿದ್ದರೂ, ಅದು ಚೆನ್ನಾಗಿದ್ದರೆ ಸಾಕು ಅನ್ನುತ್ತಾಳೆ. ಗಂಡ ಹೆಂಡತಿ ಇಬ್ಬರೂ ಒಳ್ಳೆಯವರಾಗಿದ್ದರೆ ಅವರ ನಡುವೆಯೂ ಗುಣದ ಗೆಳೆತನ ಆಗಬಹುದು ಅಂತ ಒಪ್ಪುತ್ತಾನೆ. ಆದರೆ ಗಂಡನ ಜಾಗ ಮೇಲೆ, ಹೆಂಡತಿಯದು ಕೆಳಗೆ.

ಇನ್ನು ಹೆಂಗಸರ ಗೆಳೆತನ? 9ನೇ ಭಾಗದಲ್ಲಿ ಒಂದು ಮಾತು ಬರುತ್ತದೆ. ಗಂಡೆದೆಯವರು ತಮ್ಮ ದುಃಖ ಗೆಳೆಯರಿಗೆ ತಟ್ಟದಂತೆ ನೋಡಿಕೊಳ್ಳುತ್ತಾರಂತೆ. ಜೊತೆಗೆ ಅಳುವವರನ್ನು ಇಷ್ಟಪಡೋದು ಹೆಂಗಸರು ಮತ್ತು ಹೆಂಗಸರಂಥ ಗಂಡಸರಂತೆ. ನಾವು ಅನುಸರಿಸಬೇಕಾದ್ದು ಉತ್ತಮರನ್ನು ಅಂತ ಬೇರೆ ಸೇರಿಸುತ್ತಾನೆ.

ಅಮ್ಮ ಐಸಿಯುನಲ್ಲಿದ್ದಾಗ ನನ್ನ ಗೆಳತಿ ಆಸ್ಪತ್ರೆಯ ಆ ಕಬ್ಬಿಣದ ಕುರ್ಚಿಯ ಮೇಲೆ ರಾತ್ರಿಯಿಡೀ ನನ್ನ ಪಕ್ಕ ಕೂತಿದ್ದಳು. ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಗ್ಗಿಸಿ ಕೊಟ್ಟಳು. ನಾನು ಅತ್ತಾಗ ಅವಳೂ ಅತ್ತಳು. ಬೆಳಗ್ಗೆ, "ಡಾಕ್ಟರ್ ಹತ್ರ ಏನೇನು ಕೇಳಬೇಕು ಬರ್ಕೊಳ್ಳೇ" ಅಂತ ಪೆನ್ನು ಕೈಗಿಟ್ಟಳು. ಇದು ಗುಣದ ಗೆಳೆತನ ಅಲ್ಲದಿದ್ದರೆ ಇನ್ಯಾವುದು ಹೇಳಿ?

ಕಾಲದ ಮಿತಿ ಅನ್ನೋ ಮಾತಿಗೆ ಬರುತ್ತೇನೆ. ಅರಿಸ್ಟಾಟಲ್ ಸುಮಾರು 20 ವರ್ಷ ತನ್ನ ಗುರು ಪ್ಲೇಟೋನ ಶಾಲೆ ಅಕಾಡೆಮಿಯಲ್ಲಿದ್ದವನು. ಆ ಪ್ಲೇಟೋ 'ರಿಪಬ್ಲಿಕ್'ನ 5ನೇ ಭಾಗದಲ್ಲಿ ಹೆಂಗಸರೂ ರಾಜ್ಯದ ಕಾವಲುಗಾರರಾಗಬಹುದು, ಅವರಿಗೂ ಗಂಡಸರಿಗೆ ಕೊಡುವ ಶಿಕ್ಷಣವನ್ನೇ ಕೊಡಬೇಕು ಅಂತ ವಾದಿಸಿದ. ಪ್ಲೇಟೋನದೇ ಇನ್ನೊಂದು ಕೃತಿ 'ಮೆನೋ'ದಲ್ಲಿ ಸಾಕ್ರಟೀಸ್, ಗಂಡಿಗಾಗಲಿ ಹೆಣ್ಣಿಗಾಗಲಿ ಒಳ್ಳೆಯತನ ಒಂದೇ ಅನ್ನುತ್ತಾನೆ. ಅರಿಸ್ಟಾಟಲ್ ಇದನ್ನು ಕೇಳಿರಲಿಲ್ಲವೇ? ಕೇಳಿದ್ದ. ತನ್ನ 'ಪಾಲಿಟಿಕ್ಸ್' ಪುಸ್ತಕದ ಮೊದಲ ಭಾಗದಲ್ಲೇ ಸಾಕ್ರಟೀಸನ ಹೆಸರು ಹಿಡಿದು, ಅವನು ಅಂದುಕೊಂಡಂತೆ ಗಂಡಿನ ಒಳ್ಳೆಯತನ, ಹೆಣ್ಣಿನ ಒಳ್ಳೆಯತನ ಎರಡೂ ಒಂದೇ ಅಲ್ಲ ಅಂತ ಬರೆದಿದ್ದಾನೆ. ಹೆಂಗಸಿಗೆ ಯೋಚಿಸಿ ತೀರ್ಮಾನಿಸುವ ಶಕ್ತಿ ಇದೆ, ಆದರೆ ಅದಕ್ಕೆ ಅಧಿಕಾರವಿಲ್ಲ ಅನ್ನೋದೂ ಅಲ್ಲಿಯೇ. ಎದುರಿಗಿದ್ದ ವಾದವನ್ನು ನೋಡಿ, ಬೇಡ ಅಂತ ತಳ್ಳಿದವನಿಗೆ ಕಾಲದ ನೆಪ ಹೇಗೆ ಒಪ್ಪುತ್ತದೆ?

ಅವನು ಸತ್ತದ್ದು ಕ್ರಿ.ಪೂ. 322ರಲ್ಲಿ. ಅದಾಗಿ ಇಪ್ಪತ್ತು ವರ್ಷ ತುಂಬುವ ಮೊದಲೇ, ಅಕಾಡೆಮಿ ಇದ್ದ ಅದೇ ಅಥೆನ್ಸಿನಲ್ಲಿ, ಎಪಿಕ್ಯೂರಸ್ ಎಂಬ ತತ್ವಜ್ಞಾನಿ ತನ್ನ ತೋಟದ ಶಾಲೆ ತೆರೆದ. ಅಲ್ಲಿ ಹೆಂಗಸರೂ ಇದ್ದರು, ಗೆಳೆತನಕ್ಕೆ ದೊಡ್ಡ ಬೆಲೆಯೂ ಇತ್ತು. ಮಗ್ಗ ಬಿಟ್ಟು ಬಂದೆಯಾ ಅಂತ ಹಂಗಿಸಿದವನಿಗೆ ಹಿಪಾರ್ಕಿಯಾ ಎಂಬ ಗ್ರೀಕ್ ತತ್ವಜ್ಞಾನಿ ಹೆಂಗಸು, ನೇಯ್ಗೆಗೆ ಕಳೆಯಬೇಕಿದ್ದ ಹೊತ್ತನ್ನು ಕಲಿಕೆಗೆ ಕೊಟ್ಟದ್ದು ತಪ್ಪಾ ಅಂತ ಕೇಳಿದ್ದೂ ಆ ಕಾಲದಲ್ಲೇ.

ನಾನು ಅರಿಸ್ಟಾಟಲ್‌ನನ್ನು ಬಿಸಾಡಿ ಅನ್ನುತ್ತಿಲ್ಲ. ಮುಂದಿನ ವಾರವೂ ಅವನನ್ನೇ ಪಾಠ ಮಾಡುತ್ತೇನೆ. ಆದರೆ 8ನೇ ಭಾಗ ಓದಿಸಿದ ದಿನವೇ 9ರ ಆ ಮಾತನ್ನೂ 'ಪಾಲಿಟಿಕ್ಸ್'ನ ಆ ಪುಟವನ್ನೂ ಜೋರಾಗಿ ಓದಿಸುತ್ತೇನೆ. ಆ ಹುಡುಗಿ ಇದನ್ನು ಓದುತ್ತಿದ್ದರೆ, ನಿನ್ನ ಪ್ರಶ್ನೆ ಸರಿಯಾಗಿಯೇ ಇತ್ತಮ್ಮಾ. ಇನ್‌ಬಾಕ್ಸಿಗೆ ಬಾ, ಕೂತು ಮಾತಾಡೋಣ.